ಎಡಗೈ ದೆವ್ವ

ಶಿವಮೊಗ್ಗದ ಮಾಲಿನ ಮೂರನೇ ಮಹಡಿ, ಭಾನುವಾರದ ಮ್ಯಾಟಿನಿ.
ಮೂಗಿಗೆ ದೊಗಳೆಯಾದ ಕನ್ನಡಕ ಒತ್ತಿ ಹಿಡಿದು
ಪಾಪ್‌ಕಾರ್ನಿನ ಡಬ್ಬಿ ತೊಡೆ ನಡುವೆ ಸಿಕ್ಕಿಸಿ
ದೆವ್ವ ಕಂಡಾಗಲೆಲ್ಲ ಕೇಕೆ ಹಾಕುತ್ತಾಳೆ ಇಂಚರ.

ದೆವ್ವಕ್ಕೆ ನೆಗಡಿ. ಸೀನಿದರೆ ತಲೆ ಕಳಚಿ
ಮೆಟ್ಟಿಲ ಮೇಲೆ ಪುಟಿಯುತ್ತದೆ. ಅದರ ಹೆಂಡತಿ
ಹೆಣದ ಬಟ್ಟೆಗೆ ಗುಂಡಿ ಹೊಲಿಯುತ್ತಾಳೆ.
ಮಗ, ಆರು ವರ್ಷದ ಬಾವಲಿ,
ಕತ್ತಲಿಗೆ ಹೆದರಿ ದೀಪ ಹಚ್ಚಿಕೊಂಡೇ ಮಲಗುತ್ತಾನೆ.
ಮಕ್ಕಳು ನಗುತ್ತಾರೆ. ಅಪ್ಪಂದಿರ ಮುಖಕ್ಕೆ ಫೋನಿನ ಬೆಳಕು.

ಆಮೇಲೆ ಇದ್ದಕ್ಕಿದ್ದಂತೆ
ಬಣ್ಣವೆಲ್ಲ ಸೋರಿಹೋಗಿ ಕಪ್ಪು ಬಿಳುಪು.
ಬಾವಲಿಯ ತಾತನ ಕಾಲವಂತೆ.
ಉದ್ದ ಮೆಟ್ಟಿಲು. ಒಂದೇ ಮೇಣದ ಬತ್ತಿ.
ಗೋಡೆಗೆ ಮೊದಲು ನೆರಳಿನ ಬೆರಳು,
ಬೆರಳಾದ ಮೇಲೆ ಉಗುರು.

ನನಗೆ ಗೊತ್ತು ಈ ಮೆಟ್ಟಿಲು.
ಹದಿನೇಳು. ಒಂಬತ್ತನೆಯದು ಕಿರುಗುಟ್ಟುತ್ತದೆ.
ಯಾರೋ ಎಲ್ಲೋ ಕೂತು ಆ ಹಳೇ ಭಯವನ್ನೆಲ್ಲ
ಗೆರೆ ಗೆರೆಯಾಗಿ, ಮುದ್ದಿನಿಂದ, ಮತ್ತೆ ಬರೆದಿದ್ದಾರೆ.
ಇನ್ನೇನು ಬಂತು, ಎಡದಿಂದ ಬರುತ್ತದೆ ಎಂದು
ಎಡಕ್ಕೇ ಕಣ್ಣು ನೆಟ್ಟು ಕುಳಿತೆ.

ಬಲದಿಂದ ಬಂತು.

ನಾನು ಚೀರಿದ್ದಕ್ಕೆ ಹಿಂದಿನ ಸಾಲಿನ ಹುಡುಗ
ಕುರ್ಚಿಯಿಂದ ಜಾರುವಷ್ಟು ನಕ್ಕ.
“ಅಮ್ಮಾ, ಅದು ಬರೀ ಡ್ರಾಯಿಂಗು ಕಣೇ,”
ಅಂದಳು ಇಂಚರ, ನನ್ನ ಮಾನ ಹೋಯಿತು ಅನ್ನುವ ದನಿಯಲ್ಲಿ.

ಭದ್ರಾವತಿ. ಕಾರ್ಖಾನೆ ಕ್ಲಬ್ಬಿನ ಬಯಲು.
ತಿಂಗಳಿಗೊಂದು ಶನಿವಾರ ಸಿನಿಮಾ.
ಕುರ್ಚಿಯಲ್ಲಿ ಆಫೀಸರರು, ಜಮಖಾನದಲ್ಲಿ ಪರ್ಮನೆಂಟಿನವರು.
ನಾವು ಬೇಲಿಯಾಚೆ, ಪರದೆಯ ಬೆನ್ನಿಗೆ.

ಆ ಪರದೆ ಒಗೆಯುತ್ತಿದ್ದವನು ನನ್ನಪ್ಪ, ಮಡಿವಾಳರ ದುಗ್ಗಪ್ಪ.
ಹೊಳೆಯ ಕಲ್ಲಿಗೆ ಬಡಿದು, ನೀಲಿ ಅದ್ದಿ,
ಸಂಜೆಗೆ ಎರಡು ಕಂಬದ ನಡುವೆ ಬಿಗಿದು
ಅದಕ್ಕೊಂದು ಚೊಂಬು ನೀರು ಚಿಮುಕಿಸುತ್ತಿದ್ದ.
ಒದ್ದೆ ಬಟ್ಟೆಯಲ್ಲಿ ಬೆಳಕು ಈಚೆಗೂ ದಾಟುತ್ತದೆ.
“ಚಿತ್ರ ಮಂಕಾಗ್ತದೆ ಕಣೋ!” ಆಪರೇಟರ್ ಲಾರೆನ್ಸಣ್ಣ ಕೂಗುತ್ತಿದ್ದ.
ಅಪ್ಪನಿಗೆ ಆ ಹೊತ್ತಿಗೆ ಸರಿಯಾಗಿ ಕಿವಿ ಕೇಳುತ್ತಿರಲಿಲ್ಲ.

ನಮ್ಮ ಕಡೆ ಎಲ್ಲರೂ ಎಡಚರು.
ಎಡಗೈಯಲ್ಲಿ ಉಣ್ಣುವ ನಾಯಕ,
ಎಡಗೈಯಲ್ಲಿ ಆಶೀರ್ವದಿಸುವ ಸ್ವಾಮಿಗಳು,
ಬಾಗಿಲ ಸಂದಿಯಿಂದ ಎಡಗೈ ಚಾಚುವ ದೆವ್ವ.
ಅಕ್ಷರಗಳು ಮುಖ ತಿರುವಿಕೊಂಡು ನಿಂತಿರುತ್ತಿದ್ದವು.
ಬಂಗಲೆಯ ಗಡಿಯಾರ ಹಿಂದಕ್ಕೆ ಓಡುತ್ತಿತ್ತು,
ದೆವ್ವಗಳ ಊರಲ್ಲಿ ಹೊತ್ತು ಹೀಗೇ ಅಂದುಕೊಂಡಿದ್ದೆ.
ಮುಳ್ಳೆರಡೂ ಕೂಡಿದ ಹನ್ನೆರಡು ಮಾತ್ರ
ಆಫೀಸರರಿಗೂ ನಮಗೂ ಒಂದೇ.

ಮತ್ತೆ ಒಂದು ತೇಪೆ.
ಇಸ್ತ್ರಿಯ ಕೆಂಡ ಬಿದ್ದು ತೂತಾಗಿದ್ದಲ್ಲಿ
ಅಮ್ಮನ ಲಂಗದ ತುಂಡಿಟ್ಟು ಅಪ್ಪ ಹೊಲಿದದ್ದು.
ಯಾವ ಮುಖ ಅಲ್ಲಿಗೆ ಬಂದರೂ ಅದಕ್ಕೊಂದು ಗಾಯ.
ದೆವ್ವಕ್ಕಂತೂ ಸರಿಯಾಗಿ ಕಣ್ಣಿನ ಕೆಳಗೆ,
ಅತ್ತು ಒರೆಸಿಕೊಂಡ ಹಾಗೆ.
ನಾನು ಅಪ್ಪನ ಲುಂಗಿಯೊಳಗೆ ಮುಖ ಹುಗಿದರೆ
“ನಾನೇ ಒಗೆದ ಬಟ್ಟೆ ಕಣೆ, ಏನ್ ಮಾಡ್ತದೆ ಅದು?”

ಇವತ್ತಿನ ದೆವ್ವಕ್ಕೆ ತೇಪೆ ಇರಲಿಲ್ಲ.
ಉಳಿದದ್ದೆಲ್ಲ ಇತ್ತು: ಬತ್ತಿ, ಕಿರುಗುಟ್ಟು, ನಾಯಿ ಊಳಿಡುವುದು ಸಹ.
ಯಾರೋ ಎದುರಿನ ಕುರ್ಚಿಯಲ್ಲಿ ಕೂತು ನೋಡಿದವರು ಬರೆದದ್ದು.
ಚೆನ್ನಾಗಿಯೇ ಬರೆದಿದ್ದಾರೆ, ಸುಳ್ಳು ಹೇಳಬಾರದು.

ರಾತ್ರಿ, ವಿನೋಬನಗರದ ಬಾಡಿಗೆ ಮನೆ.
ಹಗಲೆಲ್ಲ ಕೇಕೆ ಹಾಕಿದವಳು ಈಗ
ಬಚ್ಚಲಿಗೆ ಒಬ್ಬಳೇ ಹೋಗಲು ಒಲ್ಲೆ ಅನ್ನುತ್ತಾಳೆ.
ಬಾಲ್ಕನಿಯಲ್ಲಿ ಒಣಹಾಕಿದ್ದ ಬಿಳಿ ಬೆಡ್‌ಶೀಟು, ಇನ್ನೂ ಹಸಿ.
ಅದರ ಹಿಂದೆ ಹೋಗಿ, ಹೂಕುಂಡಕ್ಕೆ ಫೋನಿನ ಟಾರ್ಚು ಆನಿಸಿ,
ಕೈ ಎತ್ತಿ ಬೆರಳು ಬಿಡಿಸಿದೆ, ಒಂದೊಂದೇ.

ಆಚೆಯಿಂದ ಸಣ್ಣ ದನಿ:
“ಅದು ಯಾವ ಕೈ, ಅಮ್ಮಾ?”

ನೋಡಿಕೊಂಡೆ. ಬಲಗೈ.
“ಎಡಗೈ,” ಅಂದೆ.

ಕೆಳಗಿನ ಮನೆಯವರು ಇನ್ನೂ ಸೀರಿಯಲ್ಲು ನೋಡುತ್ತಿದ್ದರು.
ಹನ್ನೆರಡಕ್ಕೆ ಇನ್ನೂ ಬಹಳ ಹೊತ್ತಿತ್ತು.